ಕಸ್ತೂರಿ ಸೊನ್ನೆ ಹಾಕಲಿಲ್ಲ

ಖಾಲಿ ಖಾನೆ ಕಂಡರೆ ನನಗೆ ಮೈ ಉರಿಯುತ್ತದೆ. ಇಳಕಲ್ಲಿನ ನಮ್ಮ ನೇಕಾರರ ಸಂಘದಲ್ಲಿ ಮೂವತ್ತೊಂದು ವರ್ಷ ಮಗ್ಗಗಳ ದಿನವಹಿ ಬರೆದವನು ನಾನು, ಬಾಬಣ್ಣ. ಪುಟದಲ್ಲಿ ಒಂದು ಖಾನೆ ಬಿಟ್ಟುಹೋದರೆ ಹಲ್ಲು ಬಿದ್ದ ಬಾಯಿ ಕಂಡ ಹಾಗಾಗುತ್ತದೆ. ಏನೂ ಇಲ್ಲವೇ? ಸೊನ್ನೆ ಹಾಕು, ಮುಂದೆ ನಡೆ. ಇದು ನನ್ನ ಧರ್ಮ. ಈ ಧರ್ಮಕ್ಕೆ ಅಡ್ಡ ಬಂದವಳು ಒಬ್ಬಳೇ, ಕಸ್ತೂರಿ. ಅವಳ ಮೇಲೆ ನಾನು ಎಷ್ಟು ಹಾರಾಡಿದ್ದೇನೆ ಎಂಬುದು ಅರ್ಧ ಊರಿಗೆ ಗೊತ್ತು. ಅದಕ್ಕೇ ಅವಳು ಗೆದ್ದ ಕಥೆಯನ್ನು ನಾನೇ ಹೇಳಿಬಿಡುವುದು ವಾಸಿ. ಬೇರೆಯವರು ಹೇಳಿದರೆ ನನ್ನನ್ನು ಇನ್ನೂ ಕೆಟ್ಟದಾಗಿ ತೋರಿಸುತ್ತಾರೆ.

ಕಸ್ತೂರಿಗೆ ಈಗ ನಲವತ್ತನಾಲ್ಕು. ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಕೊಟ್ಟದ್ದೂ ಮಗ್ಗದ ಮನೆಗೆ. ಹತ್ತನೆಯ ತರಗತಿ ಪಾಸಾದ ವಾರಕ್ಕೇ ಅಪ್ಪ ಅವಳನ್ನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂರಿಸಿದ. ಇಪ್ಪತ್ತು ವರ್ಷ ನೇಯ್ದಳು. ಆಮೇಲೆ ಸೊಂಟ ಹಿಡಿಯಿತು. ಬಾಗಲಕೋಟೆ, ಹುಬ್ಬಳ್ಳಿ ಎಂದು ದವಾಖಾನೆ ತಿರುಗಿದ್ದೂ ಆಯಿತು. ಇನ್ನು ಕುಣಿಯಲ್ಲಿ ಇಳಿಯಬೇಡ ಎಂದೇ ಎಲ್ಲ ಡಾಕ್ಟರೂ ಹೇಳಿದರು. ಬೇರೆಯವರಾಗಿದ್ದರೆ ಹಣೆಬರಹ ಎಂದು ಮೂಲೆ ಸೇರುತ್ತಿದ್ದರು. ಇವಳು ಆರು ತಿಂಗಳು ದಿನಾ ಹುನಗುಂದದ ಬಸ್ಸು ಹತ್ತಿ, ಮಗಳ ವಯಸ್ಸಿನ ಹುಡುಗಿಯರ ನಡುವೆ ನಿಂತು ಕಂಪ್ಯೂಟರ್ ಕಲಿತಳು. ಕೂತು ಅಲ್ಲ, ನಿಂತು! ಕೂತರೆ ನೋವು. ಕಲಿತವಳೇ ಸಂಘಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ನನಗ ನಿಂದ್ರಾಕ ಬರ್ತೈತಿ, ನಡ್ಯಾಕ ಬರ್ತೈತಿ, ಕುಂದ್ರಾಕ ಅಷ್ಟ ಆಗಂಗಿಲ್ರಿ. ಅಂಥಾ ಕೆಲ್ಸ ಇದ್ರ ಕೊಡ್ರಿ."

ಅಂಥ ಕೆಲಸವೇ ಇತ್ತು. ಆಗಷ್ಟೇ ದಿನವಹಿ ಹೋಗಿ ಟ್ಯಾಬ್ ಬಂದಿತ್ತು. ಸಂಜೆ ಓಣಿ ಓಣಿ ತಿರುಗಿ, ಯಾವ ಮಗ್ಗದಲ್ಲಿ ಇವತ್ತು ಎಷ್ಟು ಮೊಳ ನೇಯ್ದರು ಎಂದು ಅದರಲ್ಲಿ ತುಂಬಬೇಕು. ಮೇಲಿನ ಓಣಿಯ ಅರವತ್ತು ಮಗ್ಗ ನನಗೆ, ಕೆಳಗಿನ ಓಣಿಯ ನಲವತ್ತೆರಡು ಅವಳಿಗೆ. ನಾನು ಕಟ್ಟೆಯ ಮೇಲೆ ಕೂತು, ಹೋಗಿ ಬರುವವರನ್ನು ಕೂಗಿ ಕೇಳಿ ಬರೆದುಕೊಳ್ಳುತ್ತಿದ್ದೆ. ಅವಳು ಪ್ರತಿ ಮನೆಯೊಳಗೆ ಹೋಗಿ, ಬಗ್ಗಿ, ಬಟ್ಟೆಯ ಮೇಲೆ ತನ್ನ ಮೊಳಕೈ ಇಟ್ಟು ಅಳೆದು ಬರೆಯುತ್ತಿದ್ದಳು. ಸೊಂಟ ನೋಯುವವಳಿಗೆ ಇದೆಲ್ಲ ಬೇಕಿತ್ತೇ ಎಂದು ನಾನು ನಗುತ್ತಿದ್ದೆ.

ನಾವು ತುಂಬಿದ್ದು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಒಕ್ಕೂಟದ ಕಚೇರಿಗೆ ಹೋಗುತ್ತದೆ. ಅಲ್ಲಿ ಗೋಡೆಯ ಮೇಲೊಂದು ದೊಡ್ಡ ಪರದೆ. ಪ್ರತಿ ಮಗ್ಗಕ್ಕೆ ಒಂದು ಕಂಬ. ತಿಂಗಳ ಸರಾಸರಿ ದಿನಕ್ಕೆ ಎರಡು ಮೊಳ ಮುಟ್ಟಿದರೆ ಕಂಬ ಹಸಿರು, ಮುಟ್ಟದಿದ್ದರೆ ಕೆಂಪು. ಹಸಿರು ಮಗ್ಗಕ್ಕೆ ಒಕ್ಕೂಟ ಸೆರಗಿನ ರೇಷ್ಮೆ ಕೊಡುತ್ತದೆ. ಕೆಂಪಾದರೆ ಅದು ನಿಂತ ಮಗ್ಗ, ಚಾಲ್ತಿ ಪಟ್ಟಿಯಿಂದ ಹೊರಗೆ, ರೇಷ್ಮೆ ಬಂದ್. ರೇಷ್ಮೆ ಇಲ್ಲದೆ ಇಳಕಲ್ ಸೀರೆಗೆ ಸೆರಗಿಲ್ಲ. ಸೆರಗಿಲ್ಲದ ಸೀರೆ ಯಾರಿಗೆ ಬೇಕು? ಅಂಥ ಮಗ್ಗವನ್ನು ಎರಡು ತಿಂಗಳಲ್ಲಿ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ.

ನನಗೂ ಕಸ್ತೂರಿಗೂ ಜಗಳ ಹತ್ತಿದ್ದು ಅಮಾವಾಸ್ಯೆಯ ವಿಷಯಕ್ಕೆ. ನಮ್ಮ ನೇಕಾರರಿಗೆ ಭಾನುವಾರದ ರಜೆ ಗೊತ್ತಿಲ್ಲ, ಅಮಾವಾಸ್ಯೆಯೇ ರಜೆ. ಅವತ್ತು ಮಗ್ಗಕ್ಕೆ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಸುಮ್ಮನಿರುತ್ತಾರೆ. ನಾನು ಆ ದಿನದ ಅರವತ್ತೂ ಖಾನೆಗೆ ಪಟಪಟ ಸೊನ್ನೆ ಹಾಕುತ್ತಿದ್ದೆ. ಅವಳು ಖಾಲಿ ಬಿಡುತ್ತಿದ್ದಳು.

"ಏ ಕಸ್ತೂರಿ, ಖಾನಿ ಯಾಕ ಬಿಟ್ಟೀ?"

"ಅಮಾಸಿ ಅಲ್ರೀ."

"ಅಮಾಸಿ ಇದ್ರ ಸೊನ್ನಿ ಹಾಕು. ಸೊನ್ನಿಗೇನು ರೊಕ್ಕ ಕೊಡಬೇಕೇನು?"

"ಬಾಬಣ್ಣಾರ, ನೀವೂ ಮಗ್ಗದ ಮನ್ಯಾಗ ಹುಟ್ಟಿದಾವ್ರು. ಸೊನ್ನಿ ಅಂದ್ರ ಏನಂತ ನಿಮಗ ನಾ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ನಮ್ಮಲ್ಲಿ ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ಹಾಗೆಯೇ ಮಗ್ಗ ನಿಂತಿತು ಎಂಬ ಮಾತನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಮನೆಯಲ್ಲಿ ಸಾವಾದಾಗ ಮಾತ್ರ ಮಗ್ಗ ನಿಲ್ಲುವುದು. ಹಳೆಯ ದಿನವಹಿಗಳಲ್ಲೂ ಸೂತಕದ ದಿನಗಳಿಗಷ್ಟೇ ಸೊನ್ನೆ, ಅಮಾವಾಸ್ಯೆಯ ಖಾನೆ ಖಾಲಿ. ನನ್ನ ಕೈಗೆ ದಿನವಹಿ ಬಂದ ಮೇಲೆ ನಾನೇ ಅದನ್ನು ನಿಲ್ಲಿಸಿದ್ದೆ. ಕಂಪ್ಯೂಟರಿಗೆ ಎಲ್ಲಿಯ ಸೂತಕ, ಎಲ್ಲಿಯ ಅಮಾವಾಸ್ಯೆ ಎಂದು ನಾನು ಬೈದೆ. ಅವಳು ಜಪ್ಪಯ್ಯ ಅನ್ನಲಿಲ್ಲ. ಮುಂದಿನ ಅಮಾವಾಸ್ಯೆಗೂ ಬಿಟ್ಟಳು, ಅದರ ಮುಂದಿನದಕ್ಕೂ ಬಿಟ್ಟಳು. ಕಂಬಗಳೇನೋ ಬರುತ್ತಿದ್ದವು. ನಾನೂ ಬೈದು ಬೈದು ಸಾಕಾಗಿದ್ದೆ.

ಹೋದ ಡಿಸೆಂಬರ್ ಎರಡಕ್ಕೆ ಒಕ್ಕೂಟದವರು ಹೊಸ ಸಾಫ್ಟ್‌ವೇರ್ ಹಾಕಿದರು. ಮರುದಿನ, ಬುಧವಾರ ಮಧ್ಯಾಹ್ನ, ಒಕ್ಕೂಟದ ವ್ಯವಸ್ಥಾಪಕ ವಿಜಯಮಹಾಂತೇಶರ ಫೋನು ಬಂತು.

"ಬಾಬಣ್ಣಾರ, ನವೆಂಬರದ ಚಾರ್ಟ್ ನೋಡೀರೇನು? ಕೆಳಗಿನ ಓಣಿ ಎಲ್ಲಾ ಬೋಳ ಬಡದೈತಿ. ನಲವತ್ತೆರಡರಾಗ ನಲವತ್ತೊಂದು ಮಗ್ಗ ಖಾಲಿ! ಆ ಹೆಣ್ಮಗಳು ತಿಂಗಳಪೂರ್ತಿ ಮನ್ಯಾಗ ಮಲಗಿದ್ದಳೇನು?"

"ನಾ ಹೇಳೇ ಹೇಳಿದ್ದೇನ್ರಿ ಸಾಹೇಬ್ರ, ಖಾನಿ ಬಿಡ್ತಾಳಂತ."

"ನಾಳೆ ಹನ್ನೊಂದಕ್ಕ ಸಭಾ. ಕಂಬ ಇಲ್ಲದ ಮಗ್ಗ ಎಲ್ಲಾ ಪಟ್ಟಿಯಿಂದ ತಗೀತೇನಿ. ಆಕೀಗೂ ಹೇಳಿಬಿಡ್ರಿ, ಇನ್ನ ಮನ್ಯಾಗ ಇರು ಅಂತ."

ನಿಜ ಹೇಳುತ್ತೇನೆ, ಒಳಗೊಳಗೇ ನನಗೆ ಖುಷಿಯಾಯಿತು. ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಓಣಿಗೆ ಓಡಿದೆ. ಕಸ್ತೂರಿ ಅಂಬವ್ವನ ಮನೆಯಲ್ಲಿದ್ದಳು. ಅಂಬವ್ವನಿಗೆ ಎಪ್ಪತ್ತೊಂದು. ಒಬ್ಬಳೇ ಇರುವುದು, ಮಗ್ಗವೇ ಅವಳ ಗಂಡ, ಮಕ್ಕಳು, ಎಲ್ಲ. ದಿನಕ್ಕೆ ಎರಡೇ ಮೊಳ ನೇಯುತ್ತಾಳೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ನಾನು ಸುದ್ದಿ ಹೇಳಿದ್ದೇ ತಡ, ಮುದುಕಿ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ನನ್ನ ಮಗ್ಗ ನಿಂತೈತಂತ ಹೇಳಿದಾಂವ ಯಾಂವ ಅಂವ? ಅವನ ಬಾಯಾಗ ಮಣ್ಣ ಹಾಕ! ನಾ ಇನ್ನೂ ಜೀವಂತ ಅದೀನೋ ಬಾಬ್ಯಾ."

ಕಸ್ತೂರಿ ಟ್ಯಾಬ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ನವೆಂಬರ್ ಒಂದರಿಂದ ಮೂವತ್ತರವರೆಗೆ ನಲವತ್ತೆರಡೂ ಮಗ್ಗಗಳ ಅಂಕಿ ಒಂದೊಂದೂ ಇದ್ದವು. ಖಾಲಿ ಇದ್ದದ್ದು ಇಪ್ಪತ್ತನೆಯ ತಾರೀಕು ಮಾತ್ರ, ಅಮಾವಾಸ್ಯೆ. ಒಂದು ದಿನ ಖಾಲಿ ಬಿಟ್ಟಿದ್ದಕ್ಕೆ ತಿಂಗಳೇ ಖಾಲಿಯಾಗುವುದು ಎಲ್ಲಾದರೂ ಉಂಟೇ?

"ಆ ಉಳದ ಒಂದು ಕಂಬ ಯಾವ ಮಗ್ಗದ್ದು?" ಎಂದು ಕೇಳಿದಳು. ಸಾಹೇಬರು ಕಳಿಸಿದ್ದ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಬೋಳು ಬಯಲಿನ ನಡುವೆ ಒಂದೇ ಹಸಿರು ಕಂಬ, ಮೂವತ್ತಮೂರನೆಯ ಮಗ್ಗ. ಸೋಮಲಿಂಗನದು.

ಕಸ್ತೂರಿ ಹಣೆ ಚಚ್ಚಿಕೊಂಡಳು. "ಅಯ್ಯ ಶಿವನೇ! ಬಾಬಣ್ಣಾರ, ಸೋಮಲಿಂಗನ ತಾಯಿ ತೀರಿಕೊಂಡದ್ದು ಹೋದ ತಿಂಗಳ ಅಲ್ಲೇನು? ಹನ್ನೊಂದು ದಿನ ಖರೇನ ನಿಂತ ಮಗ್ಗ ಅದೊಂದ. ನಿಂತದ್ದು ಚಾಲು ಐತಿ ಅಂತ ತೋರಸ್ತೈತಿ, ಚಾಲು ಇದ್ದದ್ದೆಲ್ಲಾ ಇಲ್ಲ ಅಂತೈತಿ. ಇದೆಂಥಾ ಚಾರ್ಟ್ರೀ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮೂವತ್ತಮೂರರ ಅಂಕಿಗಳ ಮೇಲೆ ಬೆರಳಾಡಿಸುತ್ತ ಹೋದಳು. ಹದಿನೈದರಿಂದ ಇಪ್ಪತ್ತೈದರವರೆಗೆ ಅವಳೇ ಸೂತಕವೆಂದು ಸೊನ್ನೆ ಹಾಕಿದ್ದಳು. ಅಮಾವಾಸ್ಯೆ ಅದರ ನಡುವೆಯೇ ಬಂದಿತ್ತು. ಆದ್ದರಿಂದ ಆ ಮಗ್ಗಕ್ಕೆ ಖಾಲಿ ಖಾನೆ ಒಂದೂ ಇರಲಿಲ್ಲ. ಉಳಿದ ಹತ್ತೊಂಬತ್ತು ದಿನ ಸೋಮಲಿಂಗ ದಿನಕ್ಕೆ ನಾಲ್ಕು ಮೊಳ ನೇಯ್ದಿದ್ದ. ಓಟದ ಕೈ ಅವನದು.

"ಸಿಕ್ತು ಬಿಡ್ರಿ," ಎಂದಳು ಕಸ್ತೂರಿ. "ಹೊಸಾದಕ್ಕ ಖಾಲಿ ಖಾನಿ ನುಂಗಾಕ ಬರವಲ್ದು."

ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟಳು. ನಾನೂ ಹತ್ತಿದೆ. ಅವಳಿಗೆ ಬೆಂಬಲ ಕೊಡಲು ಎಂದು ಈಗ ಹೇಳಿಕೊಳ್ಳಬಹುದು, ಆದರೆ ಅವಳು ಸಿಕ್ಕಿಬೀಳುವುದನ್ನು ನೋಡಬೇಕು ಎನ್ನುವ ಚಪಲವೂ ಸ್ವಲ್ಪ ಉಳಿದಿತ್ತು. ಸೀಟು ಖಾಲಿಯಿದ್ದರೂ ಹುನಗುಂದ ದಾಟಿ ಬಾಗಲಕೋಟೆಯವರೆಗೆ ಅವಳು ಕಂಬ ಹಿಡಿದು ನಿಂತೇ ಬಂದಳು. ಕಂಡಕ್ಟರ್ ಎರಡು ಸಲ ಕೂರಿ ಎಂದ. ಮೂರನೆಯ ಸಲ, "ನನ್ನ ಸೊಂಟಾ ನಿಂದೇನು?" ಎಂದು ಅವನ ಬಾಯಿ ಮುಚ್ಚಿಸಿದಳು.

ಒಂಬತ್ತೂವರೆಗೆ ಕಚೇರಿಯಲ್ಲಿದ್ದವಳು ಸಾಜಿಯಾ ಒಬ್ಬಳೇ. ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಓದಿದ ಇಪ್ಪತ್ತೇಳರ ಹುಡುಗಿ, ಹೊಸ ಸಾಫ್ಟ್‌ವೇರ್ ಹಾಕಿದವಳು ಅವಳೇ. ನಾವು ಜಗಳಕ್ಕೆ ಬಂದಿದ್ದೇವೆ ಎಂದುಕೊಂಡು ಮೊದಲೇ ಶುರುಮಾಡಿದಳು.

"ಅಕ್ಕಾರ, ನಿಮ್ಮ ಡೇಟಾ ಬಂದೈತ್ರಿ, ನಾ ನೋಡೇನಿ. ಒಳಗ ಎಲ್ಲಾ ಐತಿ, ಚಾರ್ಟಿನಾಗ ಮಾತ್ರ ಬರವಲ್ದು. ಯಾಕಂತ ನನಗ ತಿಳೀವಲ್ದು."

"ನನಗ ತಿಳದೈತಿ ತಂಗಿ. ಹದಿನೇಳನೇ ಮಗ್ಗ ತಗಿ, ಅಂಬವ್ವಂದು. ಇಪ್ಪತ್ತನೇ ತಾರೀಖಿಗೆ ಬರೇ ಪರೀಕ್ಷಾಕ್ಕ ಒಂದು ಸೊನ್ನಿ ಹಾಕು. ಆಮ್ಯಾಗ ಅಳಿಸಿಬಿಡು."

ಸಾಜಿಯಾ ಹಾಕಿದಳು. ಅಂಬವ್ವನ ಕಂಬ ಟಪ್ಪನೆ ಎದ್ದು ನಿಂತಿತು! ಅಳಿಸಿದಳು, ಮಾಯವಾಯಿತು. ಹುಡುಗಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಹಳೆಯ ಸಾಫ್ಟ್‌ವೇರ್ ಕೂಡಿಸುವಾಗ ಖಾಲಿ ಖಾನೆಯನ್ನು ದಾಟಿಕೊಂಡು ಹೋಗುತ್ತಿತ್ತು. ಹೊಸದರ ಲೆಕ್ಕಾಚಾರ ಬೇರೆ. ಖಾಲಿ ಎಂದರೆ ಅದಕ್ಕೆ 'ಗೊತ್ತಿಲ್ಲ' ಎಂದರ್ಥ. ಒಂದು ದಿನದ್ದು ಗೊತ್ತಿಲ್ಲ ಎಂದ ಮೇಲೆ ತಿಂಗಳ ಮೊತ್ತವೂ ಗೊತ್ತಿಲ್ಲ ಎಂದು ಕೈಚೆಲ್ಲುತ್ತದೆ.

"ಆತಲ್ಲ! ನಲವತ್ತೊಂದಕ್ಕೂ ಸೊನ್ನಿ ತುಂಬ್ರಿ, ಮುಗೀತು," ಎಂದೆ ನಾನು. ಮೂರು ವರ್ಷದ ಜಗಳವನ್ನು ಗೆದ್ದುಬಿಟ್ಟ ಗತ್ತು ನನಗೆ.

"ಹಾಕಿದಾಗ ಕಂಬದ ಬಣ್ಣ ನೋಡಿದ್ರೇನು?" ಎಂದಳು ಕಸ್ತೂರಿ.

ನಾನು ನೋಡಿರಲಿಲ್ಲ. ಸಾಜಿಯಾ ಇನ್ನೊಮ್ಮೆ ಸೊನ್ನೆ ಹಾಕಿ ತೋರಿಸಿದಳು. ಕಂಬ ಕೆಂಪಗಿತ್ತು. ಅಂಬವ್ವ ಇಪ್ಪತ್ತೊಂಬತ್ತು ದಿನ ದಿನಕ್ಕೆರಡರಂತೆ ಐವತ್ತೆಂಟು ಮೊಳ ನೇಯ್ದಿದ್ದಳು. ಹಳೆಯ ಸಾಫ್ಟ್‌ವೇರ್ ಆಗಿದ್ದರೆ ಖಾಲಿ ಖಾನೆ ಬಿಟ್ಟು ಇಪ್ಪತ್ತೊಂಬತ್ತರಿಂದ ಭಾಗಿಸಿ ಸರಿಯಾಗಿ ಎರಡು ಬರುತ್ತಿತ್ತು. ಸೊನ್ನೆ ಹಾಕಿದೊಡನೆ ರಜೆಯೂ ಕೆಲಸದ ದಿನವಾಗಿ ಮೂವತ್ತರಿಂದ ಭಾಗಿಸಿತು. ಒಂದು ಪಾಯಿಂಟ್ ತೊಂಬತ್ತಮೂರು. ಸೊನ್ನೆ ಅವಳನ್ನು ಪರದೆಗೆ ತಂದು ಪಟ್ಟಿಯಿಂದ ಹೊರಹಾಕಿತು.

ಅಷ್ಟರಲ್ಲಿ ವಿಜಯಮಹಾಂತೇಶ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಪರದೆ ಏನು ತೋರಿಸುತ್ತದೋ ಅದೇ ವೇದ. ಸಾಜಿಯಾ ಎಲ್ಲವನ್ನೂ ಹೇಳಿದಳು. ಅವರು ಗಡಿಯಾರ ನೋಡಿದರು.

"ಈಗ ಹತ್ತಾತು. ಸೊನ್ನಿ ಹಾಕಿ ಮುಗಸ್ರಿ. ಯಾವ ಮಗ್ಗ ಹಸರಾಗ್ತೈತೋ ಆಗ್ಲಿ, ಕೆಂಪಾಗೂದು ಆಗ್ಲಿ."

"ಹಾಕಂಗಿಲ್ರಿ ಸಾಹೇಬ್ರ," ಎಂದಳು ಕಸ್ತೂರಿ.

"ಏನು?"

"ಹಾಕಂಗಿಲ್ಲ ಅಂದೆ. ಸೊನ್ನಿ ಅಂದ್ರ ಮಗ್ಗ ನಿಂತೈತಿ ಅಂತ. ಅಂಬವ್ವನ ಮಗ್ಗ ಒಂದು ದಿನಾನೂ ನಿಂತಿಲ್ಲ. ಅಮಾಸಿಗೆ ನೀವು ಆಕಿ ಮಗ್ಗಕ್ಕ ಸೂತಕ ಹಚ್ಚತೀರಿ, ಆಮ್ಯಾಗ ಸೂತಕ ಐತಿ ಅಂತ ರೇಷ್ಮಿ ನಿಂದರಸ್ತೀರಿ. ನನ್ನ ಕೈಲೆ ಸುಳ್ಳ ಬರಸಬ್ಯಾಡ್ರಿ. ಬೇಕಾದ್ರ ಈ ಟ್ಯಾಬ್ ಇಟ್ಕೋರಿ."

ಟ್ಯಾಬನ್ನು ಮೇಜಿನ ಮೇಲೆ ಇಟ್ಟೇಬಿಟ್ಟಳು. ಅವಳ ಮನೆ ನಡೆಯುವುದೇ ಆ ಕೆಲಸದಿಂದ.

ಸಾಹೇಬರಿಗೂ ಸಿಟ್ಟು ಬಂತು. "ಖಾಲಿ ಬಿಟ್ಟದ್ದೆಲ್ಲಾ ರಜಾ ಅಂತ ಹಿಡದ್ರ ನಾಳೆ ಯಾರು ನೇಯಂಗಿಲ್ಲೋ ಅವ್ರೆಲ್ಲಾ ಖಾಲಿ ಬಿಡಸ್ತಾರ. ನೀವು ಮೈಗಳ್ಳರನ್ನ ಮುಚ್ಚಿಟ್ಟಿಲ್ಲಂತ ನಾ ಹೆಂಗ ನಂಬಲಿ?"

ಕೇಳಬೇಕಾದ ಪ್ರಶ್ನೆಯೇ ಅದು. ಕಸ್ತೂರಿ ಸಾಜಿಯಾಳ ಕಡೆ ತಿರುಗಿದಳು.

"ತಂಗಿ, ನಾ ಈ ಕೆಲ್ಸಕ್ಕ ಸೇರಿದಾಗಿನಿಂದ ಎಷ್ಟು ಖಾನಿ ಖಾಲಿ ಬಿಟ್ಟೀನಿ, ಯಾವ್ಯಾವ ತಾರೀಖಿಗೆ ಬಿಟ್ಟೀನಿ, ಎಲ್ಲಾ ತಗದು ಗ್ವಾಡಿ ಮ್ಯಾಲ ಹಚ್ಚು. ಅಮಾಸಿ ಬಿಟ್ಟು ಬ್ಯಾರೆ ದಿನಾ ಒಂದ ಒಂದು ಖಾನಿ ಖಾಲಿ ಇದ್ರ ನಾ ಈಗ ಮನಿಗೆ ಹೋಗ್ತೇನಿ."

ಸಾಜಿಯಾ ಹಚ್ಚಿದಳು. ಮೂರು ವರ್ಷದ ತಾರೀಕುಗಳು ದೊಡ್ಡ ಪರದೆಯ ಮೇಲೆ ಇಳಿದು ಬಂದವು. ಸಾಹೇಬರು ಗೋಡೆಯ ಕ್ಯಾಲೆಂಡರ್ ಕಿತ್ತು ತಂದರು, ಹಳೆಯ ವರ್ಷದವನ್ನು ಫೋನಿನಲ್ಲಿ ಹುಡುಕಿದರು. ಒಂದೊಂದೇ ತಾರೀಕು ಓದುತ್ತ ಹೋದರು. ಅಮಾವಾಸ್ಯೆ. ಅಮಾವಾಸ್ಯೆ. ಅಮಾವಾಸ್ಯೆ. ನಲವತ್ತೆರಡು ಮನೆ, ಮೂರು ವರ್ಷ, ಸೊಂಟ ಹಿಡಿದ ಹೆಂಗಸು, ಒಂದು ದಿನ ತಪ್ಪಿಲ್ಲ. ಕೊನೆಯ ತಾರೀಕಿಗೆ ಬರುವಷ್ಟರಲ್ಲಿ ಸಾಹೇಬರ ದನಿ ಮೆತ್ತಗಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಸುಳ್ಳು ಹೇಳಲಿ?

ಸಾಹೇಬರು ಟ್ಯಾಬ್ ಎತ್ತಿ ಅವಳ ಕೈಗೆ ಕೊಟ್ಟರು. "ಮ್ಯಾಡಂ, ಅಮಾಸಿನ ರಜಾ ಅಂತ ಕ್ಯಾಲೆಂಡರ್‌ನ್ಯಾಗ ಹಾಕಿಬಿಡ್ರಿ. ಆ ದಿನ ಯಾವ ಲೆಕ್ಕಕ್ಕೂ ಬ್ಯಾಡ," ಎಂದು ಸಾಜಿಯಾಳಿಗೆ ಹೇಳಿದರು.

ಹುಡುಗಿ ಇಪ್ಪತ್ತು ನಿಮಿಷ ಕೀಲಿಮಣೆ ಕುಟ್ಟಿದಳು. ಒಂದು ಸಲ ತಪ್ಪಿತು, "ತೋಬಾ" ಎಂದು ತಲೆ ಕೆರೆದುಕೊಂಡು ಮತ್ತೆ ಕುಟ್ಟಿದಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕೆಳಗಿನ ಓಣಿ ಎದ್ದು ನಿಂತಿತು. ನಲವತ್ತೆರಡೂ ಕಂಬ! ಹದಿನೇಳನೆಯದು ಸರಿಯಾಗಿ ಎರಡು, ಹಸಿರು. ಸಾಜಿಯಾ ಕುರ್ಚಿಯಿಂದ ಜಿಗಿದು ಕಸ್ತೂರಿಯನ್ನು ತಬ್ಬಿಕೊಂಡಳು. "ಯವ್ವಾ, ನನ್ನ ಸೊಂಟ!" ಎಂದು ಕಸ್ತೂರಿ ಕೂಗಿದಳು. ಕೂಗಿ ನಕ್ಕಳು.

ಅಲ್ಲಿಗೆ ಮುಗಿದಿದ್ದರೆ ನಾನು ಆರಾಮಾಗಿ ಊಟ ಮಾಡಿ ಊರಿಗೆ ಬರುತ್ತಿದ್ದೆ. ಕಸ್ತೂರಿ ನಗು ನಿಲ್ಲಿಸಿ, "ತಂಗಿ, ಹಿಂದಿನ ಮೂರೂ ವರ್ಷದ್ದು ಹಂಗ ಮಾಡು. ಎಲ್ಲಾ ಓಣೀದೂ," ಎಂದಳು.

ಮೇಲಿನ ಓಣಿ, ನನ್ನ ಓಣಿ. ಮೂರು ವರ್ಷ ಪ್ರತಿ ಅಮಾವಾಸ್ಯೆಗೂ ಅರವತ್ತು ಸೊನ್ನೆ ಹಾಕಿದವನು ನಾನೇ. ಪರದೆ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಬಂತು. ಸರಾಸರಿ ಸಾಲದೆಂದು ಪಟ್ಟಿಯಿಂದ ಹೊರಬಿದ್ದಿದ್ದ ಆರು ಮಗ್ಗಗಳು, ಆರೂ ನನ್ನವು, ಕೆಂಪಿನಿಂದ ಹಸಿರಿಗೆ ತಿರುಗಿದವು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಕಸ್ತೂರಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು.

"ಬರಕೋರಿ ಬಾಬಣ್ಣಾರ, ನಾ ಓದ್ತೇನಿ." ಆರೂ ಹೆಸರು ಓದಿದಳು. ನಾನು ಬರೆದೆ. ಸಭೆಯಲ್ಲಿ ಆ ಆರೂ ಮಗ್ಗ ಮತ್ತೆ ಚಾಲ್ತಿ ಪಟ್ಟಿಗೆ ಸೇರಿದವು, ಸಾಹೇಬರು ಅಲ್ಲೇ ಸಹಿ ಹಾಕಿದರು.

ಬಸ್ಸಿನಲ್ಲಿ ನಾನೂ ನಿಂತೇ ಬಂದೆ, ಕೂರುವ ಮನಸ್ಸಾಗಲಿಲ್ಲ. "ಆ ಆರು ಮನಿಗೂ ನೀನ ಹೋಗಿ ಹೇಳಿಬಿಡವಾ," ಎಂದೆ.

"ಊಹ್ಞೂಂ. ನೀವ ಹೋಗ್ರಿ. ಅವರು ಬೈದ್ರ ಬೈಸ್ಕೋರಿ."

ಮೊದಲು ಹಣಮಪ್ಪನ ಮನೆಗೆ ಹೋದೆ. ನಲವತ್ತು ವರ್ಷ ನೇಯ್ದವನು. ಬೇಸಿಗೆಯಲ್ಲಿ ಅವನ ಮಗ್ಗ ಪಟ್ಟಿಯಿಂದ ಹೋಗಿತ್ತು. ಒಂದು ಮಾತು ಜಗಳವಾಡದೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ, ಗ್ರಾನೈಟ್ ಫ್ಯಾಕ್ಟರಿಯ ಗೇಟಿಗೆ ಕಾವಲು ಹೋಗುತ್ತಿದ್ದ. ಯಾಕೆ ಜಗಳವಾಡಲಿಲ್ಲ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಸೊನ್ನೆಯನ್ನೂ, ಹಾಕಿದ ಕೈಯನ್ನೂ. ಬೈಗುಳಕ್ಕೆ ಕಾದೆ.

ಅವನು ಬೈಯಲಿಲ್ಲ. ತನ್ನ ಎರಡೂ ಅಂಗೈ ಎತ್ತಿ ಹಿಂದೆ ಮುಂದೆ ಹೊರಳಿಸಿ ನೋಡಿಕೊಂಡ.

"ಅಂದ್ರ ಬಾಬಣ್ಣ, ನನ್ನ ಕೈಗೆ ಏನೂ ಆಗಿರಲಿಲ್ಲ?"

"ಏನೂ ಆಗಿರಲಿಲ್ಲೋ ಮಾರಾಯಾ. ತಿಂಗಳಿಗೆ ಐವತ್ತೆಂಟು ಮೊಳ, ಒಂದು ಬೆರಳ ಕಡಿಮಿ ಇಲ್ಲ."

"ನಾ ಮುದುಕಾದೆ, ಕೈ ಹಿಂದ ಬಿತ್ತು ಅಂತ ತಿಳಿದಿದ್ನೋ. ಕಂಪ್ಯೂಟರ್ ಸುಳ್ಳ ಹೇಳ್ತೈತೇನು ಅಂತ." ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಒಳಗೆ ಹೆಂಡತಿಯನ್ನು ಕೂಗಿದ. "ಏ ಸಕ್ರೀ! ಕೇಳಿದ್ಯಾ? ನನ್ನ ಕೈ ಕೆಟ್ಟಿಲ್ಲಂತ! ನಿಚ್ಚಣಿಕಿ ತಾ, ಮಗ್ಗ ಇಳಸೂಣು!"